ಮಂಡಿನೋವು ವಾಸಿ ಮಾಡುವುದಿಲ್ಲ, ಆದರೂ ಮನೆಯಲ್ಲಿರಲಿ: ಸಂಧಿವಾತದ ಹಿರಿಯರಿಗೆ ನಿಜಕ್ಕೂ ನೆರವಾಗುವ ವಸ್ತುಗಳು

"ತಾಮ್ರದ ಕಡಗ ಹಾಕಿಕೊಳ್ಳಿ, ಕೀಲುನೋವು ಮಾಯ." "ಬೆಂಡೆಕಾಯಿ ನೆನೆಸಿದ ನೀರು ಕುಡಿಯಿರಿ, ಮಂಡಿಯ ಗ್ರೀಸ್ ಮತ್ತೆ ತುಂಬುತ್ತದೆ." "ಅಯಸ್ಕಾಂತದ ಬೆಲ್ಟ್ ಕಟ್ಟಿದರೆ ಆಪರೇಷನ್ ಬೇಕಿಲ್ಲ." ಇಂಥ ಸಂದೇಶಗಳು ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರುತ್ತವೆ. ಅಮ್ಮನಿಗೋ ಅಜ್ಜನಿಗೋ ಒಳ್ಳೆಯದಾಗಲಿ ಎಂಬ ಆಸೆಯಿಂದಲೇ ನಾವು ಅವನ್ನು ಮುಂದಕ್ಕೆ ಕಳಿಸುತ್ತೇವೆ.

ಈ ಸಂದೇಶಗಳೆಲ್ಲ "ನೋವು ಎಲ್ಲಿದೆ?" ಎಂದು ಕೇಳುತ್ತವೆ. "ಯಾವ ಕೆಲಸ ಮಾಡಲು ಆಗುತ್ತಿಲ್ಲ?" ಎಂದು ಒಂದೂ ಕೇಳುವುದಿಲ್ಲ. ಸಂಧಿವಾತ ಇರುವ ಹಿರಿಯರ ದಿನ ಸಾಗುವುದು ಈ ಎರಡನೆಯ ಪ್ರಶ್ನೆಯ ಮೇಲೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಆಗುತ್ತದೆಯೇ? ಶೌಚಾಲಯದಲ್ಲಿ ಕೂತು ಒಬ್ಬರೇ ಏಳಬಲ್ಲರೇ? ದೇವಸ್ಥಾನದ ಮೆಟ್ಟಿಲು ಹತ್ತುತ್ತಾರೆಯೇ, ಅಥವಾ "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಎನ್ನಲು ಶುರು ಮಾಡಿದ್ದಾರೆಯೇ?

ಈ ಪ್ರಶ್ನೆಗಳಿಗೆ ಉತ್ತರ ಕೊಡುವ ವಸ್ತುಗಳಿವೆ. ಹೆಚ್ಚಿನವು ಅಗ್ಗ, ಕೆಲವಕ್ಕೆ ಖರ್ಚೇ ಇಲ್ಲ. ಅವು ಯಾವುದನ್ನೂ ವಾಸಿ ಮಾಡುವುದಿಲ್ಲ. ಪವಾಡದ ಮಾತಿಲ್ಲದ ಕಾರಣ ಅವುಗಳ ಬಗ್ಗೆ ಯಾರೂ ಫಾರ್ವರ್ಡ್ ಕಳಿಸುವುದೂ ಇಲ್ಲ.

ಮಂಡಿಯ "ಗ್ರೀಸ್" ಖಾಲಿಯಾಗುವುದು ಎಂದರೇನು?

ಸಂಧಿವಾತ ಒಂದೇ ಕಾಯಿಲೆಯಲ್ಲ, ಹಲವು ಕಾಯಿಲೆಗಳ ಗುಂಪು. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವುದು ಆಸ್ಟಿಯೋಆರ್ಥ್ರೈಟಿಸ್. ಇದರಲ್ಲಿ ಎರಡು ಮೂಳೆಗಳ ತುದಿಯನ್ನು ಮೆತ್ತೆಯಂತೆ ಮುಚ್ಚಿರುವ ಮೃದ್ವಸ್ಥಿ ಸವೆಯುತ್ತದೆ, ಪಕ್ಕದ ಮೂಳೆ ದಪ್ಪವಾಗುತ್ತದೆ, ಸುತ್ತಲಿನ ಸ್ನಾಯುಗಳು ಸೊರಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಅವರಲ್ಲಿ ಶೇ. 60ರಷ್ಟು ಮಂದಿ ಮಹಿಳೆಯರು. ಹೆಚ್ಚು ತೊಂದರೆಗೊಳಗಾಗುವ ಕೀಲು ಮಂಡಿ.

ಇನ್ನೊಂದು ರುಮಟಾಯ್ಡ್ ಆರ್ಥ್ರೈಟಿಸ್. ಇದು ಸವೆತದ ಕಾಯಿಲೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಬೆರಳು ಮತ್ತು ಮಣಿಕಟ್ಟಿನ ಕೀಲುಗಳು ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದಾಗ ಕೈ ಬಿಗಿದುಕೊಂಡಿದ್ದು, ಸಡಿಲವಾಗಲು ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಬೇಕಾಗುತ್ತದೆ. ಇದಕ್ಕೆ ಬೇಗ ಔಷಧ ಶುರು ಮಾಡಿದಷ್ಟೂ ಕೀಲು ಉಳಿಯುತ್ತದೆ.

"ಗ್ರೀಸ್" ಎಂದು ಜನ ಕರೆಯುವುದು ಕೀಲಿನೊಳಗಿನ ಜಾರುದ್ರವವನ್ನು. ಅದನ್ನು ತಯಾರಿಸುವುದು ಕೀಲಿನ ಒಳಪದರ. ಬೆಂಡೆಕಾಯಿಯ ಲೋಳೆ ನೋಡಲು ಹಾಗೇ ಕಾಣುತ್ತದೆ, ನಂಬಿಕೆ ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು. ಆದರೆ ಆ ಲೋಳೆ ಒಂದು ಬಗೆಯ ನಾರು. ಹೊಟ್ಟೆಗೆ ಹೋದರೆ ಅದು ಕರುಳಿನಲ್ಲೇ ಸಾಗಿಹೋಗುತ್ತದೆ, ಮಂಡಿಗೆ ತಲುಪುವ ದಾರಿಯೇ ಇಲ್ಲ. ಬೆಂಡೆಕಾಯಿ ಒಳ್ಳೆಯ ತರಕಾರಿ. ಪಲ್ಯ ಮಾಡಿ ತಿನ್ನಿ, ಮಂಡಿಯ ಔಷಧ ಎಂದು ಮಾತ್ರ ನಂಬಬೇಡಿ.

ಕಡಗ ಮತ್ತು ಅಯಸ್ಕಾಂತ: ಪರೀಕ್ಷೆಯಲ್ಲಿ ಏನಾಯಿತು?

ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದ್ದಾರೆ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಇದ್ದ 70 ಮಂದಿ ಭಾಗವಹಿಸಿದ್ದರು. ತಾಮ್ರದ ಕಡಗ, ಅಯಸ್ಕಾಂತದ ಪಟ್ಟಿ, ಹೋಲಿಕೆಗಾಗಿ ಬಲವಿಲ್ಲದ ಪಟ್ಟಿಗಳು ಹೀಗೆ ನಾಲ್ಕು ಬಗೆಯನ್ನು ಒಂದಾದ ಮೇಲೊಂದರಂತೆ ಧರಿಸಿದರು. ನೋವು, ಊತ, ಕಾಯಿಲೆಯ ತೀವ್ರತೆ ಯಾವುದರಲ್ಲೂ ತಾಮ್ರವಾಗಲಿ ಅಯಸ್ಕಾಂತವಾಗಲಿ ಗಮನಾರ್ಹ ಲಾಭ ತೋರಲಿಲ್ಲ.

"ರಕ್ತದಲ್ಲಿ ಕಬ್ಬಿಣವಿದೆ, ಅಯಸ್ಕಾಂತ ಅದನ್ನು ಸೆಳೆದು ರಕ್ತಸಂಚಾರ ಹೆಚ್ಚಿಸುತ್ತದೆ" ಎಂಬುದು ಇನ್ನೊಂದು ವಾದ. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತೆ ಇರುವುದಿಲ್ಲ. ಅದು ಹಿಮೋಗ್ಲೋಬಿನ್ ಅಣುವಿನೊಳಗೆ ಬಿಡಿಬಿಡಿ ಪರಮಾಣುಗಳಾಗಿ ಸೇರಿಕೊಂಡಿದೆ. ಎಂಆರ್‌ಐ ಯಂತ್ರದ ಅಯಸ್ಕಾಂತ ಬೆಲ್ಟಿನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು. ಅದರೊಳಗೆ ಮಲಗಿದವರ ರಕ್ತ ಒಂದು ಕಡೆಗೆ ಎಳೆದುಕೊಂಡು ಹೋಗುವುದಿಲ್ಲ. ಹಾಗಿರುವಾಗ ಬೆಲ್ಟಿನ ಸಣ್ಣ ತುಂಡು ಅದನ್ನು ಹೇಗೆ ಮಾಡೀತು?

ಕಡಗದಿಂದ ಹಣವಷ್ಟೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ "ಗಿಡಮೂಲಿಕೆ" ಹೆಸರಿನ ಅನಾಮಧೇಯ ಪುಡಿ, ಮಾತ್ರೆಗಳದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ "ಆರ್ಟ್ರಿ ಕಿಂಗ್" ಎಂಬ ಕೀಲುನೋವಿನ ಪೂರಕದ ವಿರುದ್ಧ ಎಚ್ಚರಿಕೆ ಹೊರಡಿಸಿತು. ಲೇಬಲ್‌ನಲ್ಲಿ ಹೇಳದ ಸ್ಟಿರಾಯ್ಡ್ ಮತ್ತು ನೋವುನಿವಾರಕ ಅದರಲ್ಲಿ ಸಿಕ್ಕಿದ್ದವು. ಎರಡೇ ದಿನದಲ್ಲಿ ನೋವು ಮಾಯವಾಗಿಸುವ ಪುಡಿ ಸಿಕ್ಕಿತು ಎಂದರೆ ಸಂತೋಷಪಡುವ ಮೊದಲು ಅನುಮಾನಪಡಿ. ಸ್ಟಿರಾಯ್ಡ್ ಬಹುಕಾಲ ಒಳಗೆ ಹೋದರೆ ಸಕ್ಕರೆ ಏರುತ್ತದೆ, ಮುಖ ಊದುತ್ತದೆ, ಮೂಳೆ ಟೊಳ್ಳಾಗುತ್ತದೆ. ಅಂಥದ್ದನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬಿಡಬೇಕು.

ನೆರವಿನ ವಸ್ತುಗಳು ಕೆಲಸ ಮಾಡುವುದು ಹೇಗೆ?

ಇಲ್ಲಿ ಪವಾಡವಿಲ್ಲ, ಭಾರದ ಲೆಕ್ಕವಿದೆ. ಹೆಬ್ಬೆರಳು ಮತ್ತು ತೋರುಬೆರಳ ತುದಿಯಿಂದ 1 ಕೆಜಿ ಬಲದಲ್ಲಿ ಏನನ್ನಾದರೂ ಚಿವುಟಿ ಹಿಡಿದರೆ, ಹೆಬ್ಬೆರಳ ಬುಡದ ಕೀಲಿನ ಮೇಲೆ ಸುಮಾರು 12 ಕೆಜಿಯಷ್ಟು ಒತ್ತಡ ಬೀಳುತ್ತದೆ ಎಂದು 1977ರ ಒಂದು ಪ್ರಸಿದ್ಧ ಅಧ್ಯಯನ ಲೆಕ್ಕಹಾಕಿತ್ತು. ಬೀಗದ ಕೈ ತಿರುಗಿಸುವಾಗ, ಸಣ್ಣ ಚಾಕು ಹಿಡಿಯುವಾಗ ಮುಖ ಕಿವುಚಿಕೊಳ್ಳುವುದು ನಾಟಕವಲ್ಲ.

ಮಂಡಿಯದ್ದೂ ಇದೇ ಕತೆ. ಮಂಡಿ ಸವೆತವಿದ್ದ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ತೂಕ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಕಡಿಮೆಯಾಗುತ್ತದೆ ಎಂದು ಕಂಡುಬಂತು.

ಆದ್ದರಿಂದ ನಿಯಮ ಸರಳ. ಬೆರಳ ಕೆಲಸವನ್ನು ಅಂಗೈಗೆ ಕೊಡಿ, ಅಂಗೈಯ ಕೆಲಸವನ್ನು ತೋಳಿಗೆ ಕೊಡಿ, ಮಂಡಿಯ ಭಾರವನ್ನು ಕೈಗೂ ಹಂಚಿ. ಮುಂದೆ ಹೇಳುವುದೆಲ್ಲ ಇದರದೇ ವಿಸ್ತರಣೆ.

ಅಡುಗೆಮನೆ

ದಪ್ಪ ಹಿಡಿ: ತೆಳ್ಳಗಿನ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕು, ದಪ್ಪ ಹಿಡಿಯನ್ನು ಸಡಿಲವಾಗಿ ಹಿಡಿದರೂ ಸಾಕು. ಸೌಟು, ಚಾಕು, ಚಮಚದ ಹಿಡಿಗೆ ಸೈಕಲ್ ಹ್ಯಾಂಡಲಿನ ಗ್ರಿಪ್ ಹಾಕಬಹುದು, ಅಥವಾ ಸ್ಪಂಜು ಸುತ್ತಿ ಟೇಪ್ ಬಿಗಿಯಬಹುದು. ಒಲೆಯ ಮೇಲೆ ಬಳಸುವ ಸೌಟಿಗೆ ಮಾತ್ರ ಸ್ಪಂಜು ಬೇಡ, ಬೆಂಕಿ ತಗಲುವ ಭಯವಿದೆ. ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ಉದ್ಯಮಿ, ಕೈಯಲ್ಲಿ ಸಂಧಿವಾತವಿದ್ದ ತನ್ನ ಪತ್ನಿ ಬೆಟ್ಸಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಕಷ್ಟ ನೋಡಿ ದಪ್ಪ ರಬ್ಬರ್ ಹಿಡಿಯ ಪೀಲರ್ ಮಾಡಿಸಿದರು. 1990ರಲ್ಲಿ ಮಾರುಕಟ್ಟೆಗೆ ಬಂದ ಅದನ್ನು ನೋವಿಲ್ಲದವರೂ ಇಷ್ಟಪಟ್ಟು ಕೊಂಡರು. ನೋಯುವ ಕೈಗೆ ಹಿತವಾದದ್ದು ಎಲ್ಲರ ಕೈಗೂ ಹಿತವೇ.

ಮುಚ್ಚಳ ತೆಗೆಯಲು: ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಮುಚ್ಚಳದ ಮೇಲೆ ಸುತ್ತಿ, ಬೆರಳ ಬದಲು ಅಂಗೈ ಒತ್ತಿ ತಿರುಗಿಸಿ. ಬಾಟಲಿ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಇಡಿ. ದಿನಾ ಬೇಕಾಗುವ ಪದಾರ್ಥಗಳನ್ನು ತಿರುಗಿಸುವ ಮುಚ್ಚಳದ ಡಬ್ಬಿಯಿಂದ, ಸುಲಭವಾಗಿ ಎತ್ತಬಹುದಾದ ಮುಚ್ಚಳದ ಡಬ್ಬಿಗೆ ಬದಲಾಯಿಸಿ.

ಪಾತ್ರೆ ಹಿಡಿಯಲು: ಇಕ್ಕಳದಲ್ಲಿ ತುಂಬಿದ ಪಾತ್ರೆ ಎತ್ತುವುದು ಬೆರಳಿಗೂ ಮಣಿಕಟ್ಟಿಗೂ ಕಷ್ಟದ ಕೆಲಸ. ಎರಡೂ ಕಡೆ ಹಿಡಿ ಇರುವ ಪಾತ್ರೆ ಒಳ್ಳೆಯದು. ಅನ್ನ ಬಸಿಯಲು ಪಾತ್ರೆ ಬಗ್ಗಿಸುವ ಬದಲು ತೂತಿನ ಸೌಟಿನಲ್ಲಿ ಅನ್ನ ತೆಗೆಯಬಹುದು. ಮುದ್ದೆ ತಿರುವುವಾಗ ಪಾತ್ರೆ ಅಲುಗದಂತೆ ಒತ್ತಿಹಿಡಿಯಲು ನಮ್ಮ ಹಳ್ಳಿಮನೆಗಳಲ್ಲಿ ಕವೆಗೋಲು ಇರುತ್ತಿತ್ತು. ಅದನ್ನು ಬಳಸಲು ಯಾರೂ ನಾಚಿಕೊಂಡವರಲ್ಲ. ಇವೂ ಅಂಥವೇ.

ಕೂತು ಮಾಡುವ ಕೆಲಸ: ಈಳಿಗೆಮಣೆ, ತುರಿಮಣೆಗೆ ನೆಲದ ಮೇಲೆ ಕೂರಲೇಬೇಕು, ಮತ್ತೆ ಏಳಲೇಬೇಕು. ತರಕಾರಿ ಹೆಚ್ಚುವುದನ್ನು ಮೇಜಿಗೆ ತನ್ನಿ, ಕಟ್ಟೆಗೆ ಕಚ್ಚಿಕೊಳ್ಳುವ ತೆಂಗಿನಕಾಯಿ ತುರಿಯುವ ಯಂತ್ರ ತನ್ನಿ. ಒಲೆಯ ಪಕ್ಕ ಒಂದು ಎತ್ತರದ, ಅಲುಗಾಡದ ಸ್ಟೂಲ್ ಇದ್ದರೆ ಸಾಂಬಾರು ಕುದಿಯುವ ತನಕ ನಿಂತೇ ಇರಬೇಕಾಗಿಲ್ಲ.

ಬಟ್ಟೆ ಹಿಂಡಲು: ಎರಡೂ ಕೈಯಲ್ಲಿ ಹಿಡಿದು ತಿರುಚಿದರೆ ಮಣಿಕಟ್ಟು ನೋಯುತ್ತದೆ. ಒರೆಸುವ ಬಟ್ಟೆಯನ್ನು ನಲ್ಲಿಗೆ ಸುತ್ತುಹಾಕಿ, ಎರಡೂ ತುದಿ ಸೇರಿಸಿ ತಿರುಗಿಸಿದರೆ ಕಡಿಮೆ ಬಲ ಸಾಕು.

ಬಚ್ಚಲು, ಶೌಚಾಲಯ

ಮನೆಯಲ್ಲಿ ಒಂದೇ ಒಂದು ಕಡೆ ಹಣ ಹಾಕಲು ಸಾಧ್ಯ ಎಂದರೆ ಇಲ್ಲಿ ಹಾಕಿ ಎನ್ನುತ್ತೇವೆ. ನೀರು, ಸೋಪು, ನುಣುಪು ಟೈಲ್ಸ್, ನೋಯುವ ಮಂಡಿ ನಾಲ್ಕೂ ಸೇರುವ ಜಾಗವಿದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ ಹೆಚ್ಚಿನ ಪಾಲು 60 ದಾಟಿದವರದು. ಬದುಕಿ ಉಳಿದರೂ ಸೊಂಟದ ಮೂಳೆ ಮುರಿದರೆ ಎಷ್ಟೋ ಹಿರಿಯರು ಮೊದಲಿನಂತೆ ಓಡಾಡುವುದೇ ಇಲ್ಲ.

ಕುಕ್ಕರುಗಾಲಲ್ಲಿ ಕೂರುವ ಶೌಚಾಲಯವಿದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕಾಲುಗಳಿಗೆ ರಬ್ಬರ್ ಬುಷ್ ಇರಬೇಕು, ಕೂತಾಗ ಅಲುಗಾಡಬಾರದು. ವೆಸ್ಟರ್ನ್ ಕಮೋಡ್ ಇದ್ದೂ ಏಳಲು ಕಷ್ಟವಾದರೆ ಎತ್ತರ ಹೆಚ್ಚಿಸುವ ಸೀಟು ಬರುತ್ತದೆ.

ಗೋಡೆಗೆ ಹಿಡಿಕಂಬಿ ಹಾಕಿಸಿ. ಟವೆಲ್ ಹಾಕುವ ಸರಳನ್ನು ಹಿಡಿದು ಏಳುವ ಅಭ್ಯಾಸ ಅನೇಕರಿಗಿದೆ, ಅದು ಒದ್ದೆ ಟವೆಲ್ಲಿನ ಭಾರಕ್ಕೆ ಮಾಡಿದ್ದೇ ಹೊರತು ಮನುಷ್ಯರ ಭಾರಕ್ಕಲ್ಲ. ಟೈಲ್ಸಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನೂ ನಂಬಬೇಡಿ, ಯಾವಾಗ ಬಿಡುತ್ತವೋ ಹೇಳಲಾಗದು. ಗೋಡೆ ಕೊರೆದು ಸ್ಕ್ರೂ ಬಿಗಿದ ಕಂಬಿಯೇ ಬೇಕು.

ಸ್ನಾನಕ್ಕೆ ಗಿಡ್ಡ ಮಣೆಯ ಬದಲು ಕುರ್ಚಿಯಷ್ಟು ಎತ್ತರದ, ಜಾರದ ಕಾಲುಗಳ ಸ್ಟೂಲ್ ಇಡಿ. ಬಕೆಟ್ಟನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟರೆ ಬಗ್ಗುವುದು ತಪ್ಪುತ್ತದೆ. ತಿರುಗಿಸುವ ನಲ್ಲಿಯ ಬದಲು ಮೊಣಕೈಯಿಂದಲೂ ತಳ್ಳಬಹುದಾದ ಲಿವರ್ ನಲ್ಲಿ ಹಾಕಿಸಿ. ಬಾಗಿಲ ಚಿಲಕವನ್ನು ಹೊರಗಿನಿಂದಲೂ ತೆಗೆಯುವಂತಿರಲಿ.

ಕುರ್ಚಿ, ಮಂಚ, ಹೊಸಿಲು

ತಗ್ಗಾದ ಸೋಫಾ ಮಂಡಿಯ ಶತ್ರು. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮಂಡಿಯ ಮಟ್ಟದಲ್ಲೋ ಸ್ವಲ್ಪ ಮೇಲೋ ಇರಬೇಕು, ಕೈ ಊರಲು ಗಟ್ಟಿಯಾದ ತೋಳುಗಳಿರಬೇಕು. ಮಂಚ ತಗ್ಗಿದ್ದರೆ ಬಡಗಿಯಿಂದ ಕಾಲುಗಳಿಗೆ ಎತ್ತರ ಕೊಡಿಸಿ. ಸಡಿಲ ಇಟ್ಟಿಗೆ ಇಡಬೇಡಿ.

ಹಳೆಯ ಮನೆಗಳ ಹೊಸಿಲು ಎತ್ತರ. ಪೂಜೆ ಮಾಡುವ ಹೊಸಿಲನ್ನು ಕೀಳಿಸಬೇಕಿಲ್ಲ, ಪಕ್ಕದ ಗೋಡೆಗೆ ಒಂದು ಹಿಡಿಕೆ ಹಾಕಿಸಿದರೆ ದಾಟುವುದು ಸುಲಭ. ಜಾರುವ ಕಾಲೊರಸು ತೆಗೆಯಿರಿ, ಮಂಚದಿಂದ ಶೌಚಾಲಯದ ತನಕ ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ. ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಊರುಗೋಲು ಯಾವ ಕೈಯಲ್ಲಿ?

ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಹೆಚ್ಚಿನವರು ನೋವಿರುವ ಕಡೆಯೇ ಹಿಡಿಯುತ್ತಾರೆ. ನಡೆಯುವಾಗ ಬಲಗಾಲಿನ ಜೊತೆ ಸಹಜವಾಗಿ ಮುಂದೆ ಬರುವುದು ಎಡಗೈ. ಕೋಲು ಆ ಕೈಯಲ್ಲಿದ್ದರೆ ನೋವಿನ ಕಾಲು ನೆಲಕ್ಕೆ ಊರುವ ಹೊತ್ತಿಗೇ ಭಾರದ ಒಂದು ಪಾಲನ್ನು ಅದು ಹೊರುತ್ತದೆ. ಎರಡೂ ಮಂಡಿ ನೋಯುತ್ತಿದ್ದರೆ ಹೆಚ್ಚು ನೋಯುವ ಕಾಲಿನ ಎದುರು ಕೈಗೆ ಕೊಡಿ, ತೂರಾಡುವಂತಿದ್ದರೆ ವಾಕರ್ ಬೇಕಾಗಬಹುದು.

ಎತ್ತರ ನೋಡಲು ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಡಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ತುದಿಯ ರಬ್ಬರ್ ಬುಷ್ ಸವೆದರೆ ಬದಲಾಯಿಸಿ, ಸವೆದ ಬುಷ್ ಒದ್ದೆ ನೆಲದಲ್ಲಿ ಜಾರುತ್ತದೆ.

"ಕೋಲು ಹಿಡಿದರೆ ಕಾಲು ಸೋಮಾರಿಯಾಗುತ್ತದೆ" ಎಂಬ ಮಾತಿದೆ. ಆದರೆ ಬ್ರೆಜಿಲ್‌ನಲ್ಲಿ ಮಂಡಿ ಸವೆತವಿದ್ದ 64 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ತಿಂಗಳು ದಿನವೂ ಕೋಲು ಬಳಸಿದವರ ನೋವು ಕಡಿಮೆಯಾಗಿತ್ತು, ಓಡಾಟ ಸುಧಾರಿಸಿತ್ತು. ಕಾಲನ್ನು ಸೊರಗಿಸುವುದು ಕೋಲಲ್ಲ, ನೋವಿಗೆ ಹೆದರಿ ಕುರ್ಚಿ ಬಿಟ್ಟೇಳದಿರುವುದು. ಅಮೆರಿಕದ ಸಂಧಿವಾತ ತಜ್ಞರ ಸಂಘಟನೆ 2019ರ ಮಾರ್ಗಸೂಚಿಯಲ್ಲಿ ವ್ಯಾಯಾಮ, ತೂಕ ಇಳಿಕೆ, ಊರುಗೋಲು ಮೂರನ್ನೂ ಬಲವಾಗಿ ಶಿಫಾರಸು ಮಾಡಿದೆ. ಜಾಹೀರಾತುಗಳಲ್ಲಿ ಮೆರೆಯುವ ಗ್ಲುಕೋಸಮಿನ್ ಮಾತ್ರೆ ಮಂಡಿ ಸವೆತಕ್ಕೆ ಬೇಡ ಎಂದೂ ಅಷ್ಟೇ ಬಲವಾಗಿ ಹೇಳಿದೆ. ಅಂದರೆ ಕೋಲು ವ್ಯಾಯಾಮಕ್ಕೆ ಬದಲಿಯಲ್ಲ, ನಡೆದಾಡಲು ಅದು ಧೈರ್ಯ ಕೊಡುತ್ತದೆ.

ಮಂಡಿಗೆ ಹಾಕುವ ನೀ ಕ್ಯಾಪ್ ಬೆಚ್ಚಗಿಟ್ಟು ಆಧಾರ ಕೊಟ್ಟಂತೆ ಅನಿಸಬಹುದು. ಹಿತವಾದರೆ ಓಡಾಡುವಾಗ ಹಾಕಿ, ಬಿಗಿಯಾಗಿ ಹಾಕಿಕೊಂಡು ಮಲಗಬೇಡಿ. ಬಿಸಿನೀರಿನ ಚೀಲ ಬಿಗಿತಕ್ಕೆ ಹಿತ. ಆದರೆ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದವರಿಗೆ ಸುಟ್ಟರೂ ಗೊತ್ತಾಗದು, ಮೊದಲು ಮನೆಯವರು ಮುಟ್ಟಿ ನೋಡಿ ಕೊಡಬೇಕು.

ಉಚಿತವಾಗಿ ಸಿಗುವುದುಂಟೇ?

ಉಂಟು. ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾಯಿತು. 60 ದಾಟಿದ, ಬಡತನ ರೇಖೆಗಿಂತ ಕೆಳಗಿರುವ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿಯಂಥ ಸಾಧನಗಳನ್ನು ಶಿಬಿರಗಳಲ್ಲಿ ತಪಾಸಣೆ ಮಾಡಿ ಉಚಿತವಾಗಿ ಕೊಡಲಾಗುತ್ತದೆ. ಸಾಧನಗಳನ್ನು ತಯಾರಿಸಿ ಹಂಚುವುದು ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ. ನಿಮ್ಮ ಕಡೆ ಶಿಬಿರ ಯಾವಾಗ ಎಂದು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಅಥವಾ ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ವೈದ್ಯರ ಬಳಿ ಹೋಗಲೇಬೇಕಾದದ್ದು ಯಾವಾಗ?

ಕೀಲು ಕೆಂಪಾಗಿ, ಬಿಸಿಯಾಗಿ ಊದಿದ್ದು ಜ್ವರವೂ ಇದ್ದರೆ ಅದೇ ದಿನ ಹೋಗಿ, ಸೋಂಕು ಇರಬಹುದು. ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತಿದ್ದರೆ, ಹಲವು ಸಣ್ಣ ಕೀಲುಗಳು ಒಟ್ಟಿಗೆ ಊದಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಕೋಲು, ಕಡಗ ಯಾವುದನ್ನೂ ಹುಡುಕುತ್ತ ಕೂರಬೇಡಿ. ಸಾಧನ ಯಾವುದು ಸರಿ ಎಂಬ ಗೊಂದಲವಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಅಳತೆ ನೋಡಿ ಹೇಳುತ್ತಾರೆ.

ಹಿರಿಯರನ್ನು ಒಪ್ಪಿಸುವುದು ಹೇಗೆ?

"ನಾನೇನು ಅಷ್ಟು ಮುದುಕಿಯಾದೆನೇ?" ಎಂಬ ಉತ್ತರ ಬರುವುದು ಸಹಜ. ಕೋಲು ಹಿಡಿದು ಬೀದಿಗಿಳಿದರೆ ನಾಲ್ಕು ಜನ ನೋಡುತ್ತಾರೆ ಎಂಬ ಸಂಕೋಚ ಚಿಕ್ಕದಲ್ಲ. ಹಿರಿಯರು ನೋವಿದೆ ಎಂದು ಹೇಳುವುದು ಕಡಿಮೆ, ಕೆಲಸವನ್ನು ಸದ್ದಿಲ್ಲದೆ ಬಿಡುವುದೇ ಹೆಚ್ಚು. ಮೊದಲು ಮುದ್ದೆ ತಿರುವುವುದು ನಿಲ್ಲುತ್ತದೆ, ಆಮೇಲೆ ಮದುವೆ ಮುಂಜಿಗೆ ಹೋಗುವುದು. ಅಲ್ಲಿ ಶೌಚಾಲಯ ಹೇಗಿದೆಯೋ ಎಂಬ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರೂ ಇದ್ದಾರೆ.

ಆದ್ದರಿಂದ ವಸ್ತು ತಂದು ಮುಂದಿಡುವ ಮೊದಲು ಕೇಳಿ: "ಅಮ್ಮಾ, ಮೊದಲು ಮಾಡ್ತಿದ್ದು ಈಗ ಬಿಟ್ಟಿರೋ ಕೆಲಸ ಯಾವುದು?" ಅವರು ಹೇಳಿದ ಮೊದಲ ಕೆಲಸಕ್ಕೆ ಬೇಕಾದ ಒಂದೇ ವಸ್ತುವನ್ನು ಅವರ ಜೊತೆಗೇ ಹೋಗಿ, ಅವರ ಕೈಯಲ್ಲೇ ಹಿಡಿಸಿ ನೋಡಿ ತನ್ನಿ. ಅದು ಒಗ್ಗಿದರೆ ಮುಂದಿನದನ್ನು ಅವರೇ ಕೇಳುತ್ತಾರೆ.

ಮುಂದಿನ ಸಲ ಮಂಡಿನೋವಿನ ಫಾರ್ವರ್ಡ್ ಬಂದಾಗ ಅದನ್ನು ಇನ್ನೊಂದು ಗುಂಪಿಗೆ ತಳ್ಳುವ ಮೊದಲು ನಿಮ್ಮ ಬಚ್ಚಲುಮನೆಗೆ ಹೋಗಿ ನೋಡಿ. ಅಜ್ಜಿ ಎದ್ದು ನಿಲ್ಲಲು ಏನನ್ನು ಹಿಡಿದುಕೊಳ್ಳುತ್ತಾರೆ? ಟವೆಲ್ ಸರಳನ್ನೋ, ನಲ್ಲಿಯನ್ನೋ ಆಗಿದ್ದರೆ ಈ ವಾರವೇ ಅಲ್ಲೊಂದು ಗಟ್ಟಿ ಕಂಬಿ ಹಾಕಿಸಿ.